ಶಿವು ಮೈ ತುಂಬಿಕೊಂಡ ಬೇಸಿಗೆ

ಆಗ ಪೀಣ್ಯದ ತಲೆಯ ಮೇಲೆ ಮೆಟ್ರೋ ಓಡುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಪಕ್ಕದ ಶೆಡ್ಡಿನ ಪ್ರೆಸ್ ಮಿಷಿನ್ನಿನ ಧಡ್ ಧಡ್, ಸುಟ್ಟ ಎಣ್ಣೆಯ ವಾಸನೆ, ಅದರ ನಡುವೆ ನಮ್ಮವ್ವ ರೊಟ್ಟಿ ಬಡಿಯುವ ಸದ್ದು. ಯಾವುದು ಮಿಷಿನ್ನು, ಯಾವುದು ಅವ್ವ ಎಂದು ಹಾಸಿಗೆಯಲ್ಲೇ ಪಂದ್ಯ ಕಟ್ಟುವುದು ನನಗೂ ನನ್ನ ತಮ್ಮ ಶಿವುಗೂ ರೂಢಿಯಾಗಿತ್ತು. ಅಲ್ಲಿನ ಶೀಟಿನ ಸಾಲುಮನೆಗಳಲ್ಲಿ ಬೆಳೆದವರಿಗೆ ಈ ಸದ್ದು, ಈ ವಾಸನೆ ಎಲ್ಲ ಗೊತ್ತಿರುತ್ತದೆ. ಆದರೆ ಆ ಸಂದಿಗಳಲ್ಲಿ ಟೊಮೆಟೊ, ಮೆಂತ್ಯ ಬೆಳೆದದ್ದನ್ನು ಕಂಡವರು ಕಡಿಮೆ. ನಾವು ಒಂದು ವರ್ಷ ಬೆಳೆದೆವು.

ನಾವು ಕೊಪ್ಪಳದ ಕಡೆಯವರು. ಅಪ್ಪ ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ವೆಲ್ಡರ್. ನಾನು, ಗಂಗಿ, ಐದನೇ ಕ್ಲಾಸು, ಶಿವು ಎರಡನೇದು. ಶಿವು ಎಂದರೆ ಬರೀ ಎಲುಬು. ಚಡ್ಡಿ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ, ಉಡದಾರಕ್ಕೆ ಸಿಕ್ಕಿಸಬೇಕಿತ್ತು. ಊರಿಗೆ ಹೋದಾಗ ನಮ್ಮ ಅಜ್ಜಿ ಅವನ ರಟ್ಟೆ ಹಿಡಿದು ನೋಡಿ, ಬಂಧುಬಳಗದ ಎದುರೇ, “ಬೆಂಗಳೂರಾಗ ಕೂಳು ಸಿಗೂದಿಲ್ಲೇನ ಮಾದೇವಿ?” ಎಂದು ಅವ್ವನನ್ನು ಕೇಳಿದ್ದಳು. ಅವ್ವ ಬೆಂಗಳೂರಿಗೆ ವಾಪಸು ಬಂದವಳೇ ಮನೆಯ ಹಿಂದಿನ ಖಾಲಿ ಜಾಗವನ್ನು ಅಗೆಯಲು ಶುರುಮಾಡಿದಳು.

ಜಾಗ ನಮ್ಮ ಓನರಮ್ಮನದು. ಆ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲವಂತೆ. ಹೊಲ ಹೋಗಿ ಸಾಲುಮನೆಗಳು, ಒಂದು ಬೋರ್‌ವೆಲ್, ಗೋಡೆಯಾಚೆ ನಟ್ಟು ಬೋಲ್ಟುಗಳನ್ನು ಆಸಿಡ್ಡಿನಲ್ಲಿ ಅದ್ದಿ ಹೊಳಪು ಹಾಕುವ ಪ್ಲೇಟಿಂಗ್ ಶೆಡ್ಡು ಬಂದಿದ್ದವು. ಅವ್ವ ಅಗೆಯುವುದನ್ನು ನೋಡಿ ಓನರಮ್ಮನಿಗೆ ಸಿಟ್ಟು ಬರುತ್ತದೆಂದು ನಾವು ಹೆದರಿದ್ದೆವು. ಅವರು ಸೀರೆ ಎತ್ತಿ ಕಟ್ಟಿ ತಾವೇ ಕಲ್ಲು ಆರಿಸಲು ಕೂತರು.

“ಮಾಡ್ಕೊಳವ್ವ, ನಂಗೂ ಎರಡು ಕಟ್ಟು ಸೊಪ್ಪು ಕೊಡು ಸಾಕು. ಈ ಬೋರ್ ನೀರು ಮಾತ್ರ ಬಾಯಿಗಾಕ್ಬ್ಯಾಡಿ. ಬಟ್ಟೆಗೆ, ಬಚ್ಚಲಿಗೆ ಅಷ್ಟೇಯ,” ಎಂದರು.

ಮೊದಲ ಮಳೆಗಾಲ ನಮ್ಮನ್ನು ಚೆನ್ನಾಗಿ ಗೇಲಿ ಮಾಡಿತು. ಟೊಮೆಟೊ ಸಸಿಗಳು ಬುಡ ಕೊಳೆತು ಮಲಗಿದವು. ಉಳಿದ ಎಲೆಗಳ ಮೇಲೆ ಶೆಡ್ಡುಗಳ ಕರಿ ದೂಳು ಕೂತು, ಮಳೆ ಬಂದರೆ ಅದು ಕಾಡಿಗೆಯಂತೆ ಇಳಿಯುತ್ತಿತ್ತು. ಅದೇ ಹೊತ್ತಿಗೆ ಅಪ್ಪ ಅತ್ತಿಬೆಲೆಗೆ ಗೇಟು ಕೂರಿಸಲು ಹೋಗಿ ಅಲ್ಲಿ ಹೂವು ಬೆಳೆಯುವ ದೊಡ್ಡ ದೊಡ್ಡ ಪ್ಲಾಸ್ಟಿಕ್ ಮನೆಗಳನ್ನು ನೋಡಿ ಬಂದ. ಗಣೇಶನ ಹಬ್ಬದ ರಜೆಯಲ್ಲಿ ತುಂಡು ಪೈಪುಗಳನ್ನು ಬಗ್ಗಿಸಿ, ಬೆಸೆದು, ಹೊಸ ಮಿಷಿನ್ನಿಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ ಹಾಳೆ ಹೊದಿಸಿ ನಮಗೂ ಒಂದು ಕಟ್ಟಿದ. ಒಳಗೆ ಅವ್ವ ನೆಟ್ಟಗೆ ನಿಲ್ಲಬಹುದಿತ್ತು, ಅಪ್ಪ ಬಗ್ಗಬೇಕಿತ್ತು. ಸಾಲುಮನೆಯವರೆಲ್ಲ ಬಂದು ನೋಡಿ, “ಏನ್ ಗುರು, ಕಾಯಿಪಲ್ಯಕ್ಕೆ ಬಂಗ್ಲೆ, ನಿಮಗೆ ಶೀಟು ಮನೆನಾ?” ಎಂದು ಕಾಲೆಳೆದರು. ಅಪ್ಪನಿಗೆ ಅದೂ ಹೊಗಳಿಕೆಯೇ.

ಚಳಿಗಾಲದಲ್ಲಿ ಆ ಬಂಗಲೆ ತನ್ನ ಮರ್ಯಾದೆ ಉಳಿಸಿಕೊಂಡಿತು. ಶಾಲೆಯಿಂದ ಬಂದು ಒಳಗೆ ನುಗ್ಗಿದರೆ ಬೆಚ್ಚನೆಯ ಹಸಿ ಮಣ್ಣಿನ ವಾಸನೆ, ಟೊಮೆಟೊ ಎಲೆ ಮುಟ್ಟಿದ ಕೈಗೆ ಹತ್ತುವ ಆ ಒಗರು ವಾಸನೆ. ಹೊರಗಿನ ಎಣ್ಣೆಯ ನಾತ ಒಳಗೆ ಬರುತ್ತಿರಲಿಲ್ಲ. ಅವ್ವ ಊರಿಂದ ಬೀಜ ತರಿಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ಹಾಕಿದ್ದಳು. ಹಕ್ಕರಕಿ ಎಂದರೆ ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು. ಮೆಂತ್ಯವನ್ನೂ ನಾವು ಹಾಗೇ ತಿನ್ನುವವರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕಿತ್ತು ತೊಳೆದ ಹಸಿ ಸೊಪ್ಪು. ಮೊದಲ ಸಲ ನೋಡಿದ ಓನರಮ್ಮ, “ಏನವ್ವಾ, ಮೇಕೆಗಳಂಗೆ ಅಸೀದೇ ತಿಂತೀರಾ?” ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಎಳ್ಳಮಾವಾಸ್ಯೆಗೆ ನಮ್ಮೂರಿನಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಎರಚಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವ ಹಬ್ಬ. ಹೊಲವಿಲ್ಲದ ಪೀಣ್ಯದಲ್ಲಿ ಆ ದಿನ ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ. ಆ ವರ್ಷ ಅವ್ವ ಎರಡು ದಿನ ಮೊದಲೇ ಸಜ್ಜೆ ರೊಟ್ಟಿ ಬಡಿದಳು. ಶೇಂಗಾ ಹೋಳಿಗೆ, ಪುಂಡಿಪಲ್ಯ, ಕಡುಬು ಎಲ್ಲ ಆಯಿತು. ನಮ್ಮ ಕಡೆಯ ಬಾಡಿಗೆ ರೂಮಿನವರೆಲ್ಲ ಬಂದರು. ಅಪ್ಪ ಬಗ್ಗಿ ನಡೆಯುತ್ತ, ಊರಿನ ಹೊಲದಲ್ಲಿ ಕೂಗುವಂತೆಯೇ “ಹುಲ್ಲುಲ್ಲಿಗ್ಯೋ” ಎಂದು ಕೂಗುತ್ತ ಮಡಿಗಳಿಗೆ ಚರಗ ಚೆಲ್ಲಿದ. ಹಿಂದೆಯೇ ಶಿವು ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋದ. ಗೋಡೆಯಾಚೆ ಪ್ಲೇಟಿಂಗ್ ಶೆಡ್ಡಿನವರು ಏಣಿ ಹತ್ತಿ ನೋಡಿದರು. ಅವ್ವ ಅವರಿಗೂ ಗೋಡೆಯ ಮೇಲಿಂದ ಹೋಳಿಗೆ ಕೊಟ್ಟಳು. ಬಡಿಸುವುದರಲ್ಲಿ ಅವಳ ಕೈ ನಿಲ್ಲುವ ಕೈಯಲ್ಲ. ಸಾಕು ಎಂದವರಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ನನ್ನ ಬಾಲ್ಯದಲ್ಲಿ ನಾವು ಇಡಿಯಾಗಿ ಸುಖವಾಗಿದ್ದ ದಿನ ಯಾವುದೆಂದು ಕೇಳಿದರೆ ನಾನು ಆ ದಿನವನ್ನೇ ಹೇಳುತ್ತೇನೆ.

ಶಿವರಾತ್ರಿ ಕಳೆದದ್ದೇ ನಲ್ಲಿಯಲ್ಲಿ ನೀರು ನಿಂತಿತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ನಾಲ್ಕು ಕೊಡ ಕುಡಿಯಲಿಕ್ಕೂ ಸಾಲದು. ಪ್ಲಾಸ್ಟಿಕ್ ಮನೆಯೊಳಗೆ ಬಿಸಿಲು ಕುದಿಯುತ್ತಿತ್ತು, ಗಿಡಗಳು ಮಧ್ಯಾಹ್ನಕ್ಕೇ ತಲೆ ಬಾಗಿಸುತ್ತಿದ್ದವು. ಅವ್ವ ಬೋರಿನ ನೀರು ಹಾಯಿಸಲು ಶುರುಮಾಡಿದಳು. ಆ ನೀರನ್ನು ಬಕೆಟ್ಟಿನಲ್ಲಿ ಇಟ್ಟರೆ ಸಂಜೆಗೆ ಅಂಚಿನಲ್ಲಿ ಹಳದಿ ಗೆರೆ ಕಟ್ಟುತ್ತಿತ್ತು.

“ಓನರಮ್ಮ ಬ್ಯಾಡ ಅಂದಾರಲ್ಲಬೇ,” ಎಂದೆ ನಾನು.

“ಬಾಯಿಗೆ ಹಾಕಬ್ಯಾಡ್ರಿ ಅಂದಾರ. ನಾ ಏನ್ ಬಾಯಿಗೆ ಹಾಕಾಕತ್ತೀನೇನು? ಗಿಡಕ್ಕ ಹಾಕಾಕತ್ತೀನಿ. ನೀರಿಗೆ ಹೆಸರಿಡಬಾರದು ಗಂಗಿ. ನಮ್ಮೂರಾಗ ಹಿಂತಾ ನೀರು ಸಿಕ್ಕಿದ್ರ ಕೈಮುಗಿದು ಹೊಲಕ್ಕ ಹಾಯಿಸ್ತಿದ್ರು.”

ಅವಳನ್ನು ನಾನು ಇವತ್ತಿಗೂ ದೂರಲಾರೆ. ಒಂದು ಕೊಡ ನೀರಿಗಾಗಿ ಹರದಾರಿ ನಡೆದು ಬೆಳೆದವಳು ಅವಳು. ನೀರು ಇಲ್ಲದಿರುವುದು ಅವಳಿಗೆ ಗೊತ್ತಿತ್ತು, ಉಪ್ಪು ನೀರು ಗೊತ್ತಿತ್ತು, ಕೆಸರು ನೀರು ಗೊತ್ತಿತ್ತು. ಗುಂಡಿ ಒತ್ತಿದರೆ ಧಾರಾಳವಾಗಿ ಬರುವ, ಕಣ್ಣಿಗೆ ತಿಳಿಯಾಗಿಯೇ ಕಾಣುವ ನೀರು ಕೆಟ್ಟದ್ದಾಗಿರಬಹುದೆಂಬುದು ನಮ್ಮ ಸೀಮೆಯವರ ತಲೆಗೆ ಹೋಗುವ ಮಾತೇ ಅಲ್ಲ.

ಗಿಡಗಳು ಚಿಗುರಿದವು. ಮತ್ತೆ ಮೆಂತ್ಯ ಹಾಕಿದಳು. ಎಲ್ಲರ ಮನೆಯಲ್ಲೂ ಸೊಪ್ಪು ತುಟ್ಟಿಯಾಗಿದ್ದ ಆ ಬೇಸಿಗೆಯಲ್ಲಿ ನಮ್ಮ ತಟ್ಟೆಯಲ್ಲಿ ದಿನವೂ ಹಸಿರಿತ್ತು. ಶಿವುವಿಗೆ ಅವ್ವ ತಾನೇ ರೊಟ್ಟಿ ಮುರಿದು, ಸೊಪ್ಪು ಸುತ್ತಿ, ತುತ್ತು ಮಾಡಿ ಬಾಯಿಗಿಡುತ್ತಿದ್ದಳು.

ಶಿವು ಮೈ ತುಂಬಿಕೊಂಡದ್ದು ಆಗಲೇ.

ಮೊದಲು ಕೆನ್ನೆ ತುಂಬಿತು. ಆಮೇಲೆ ಚಡ್ಡಿ ತಾನಾಗಿಯೇ ಸೊಂಟದ ಮೇಲೆ ನಿಂತಿತು. ಬೆಳಿಗ್ಗೆ ಎದ್ದಾಗ ಕಣ್ಣು ಸಣ್ಣಗಾಗಿ, ಮುಖ ಗುಂಡಗೆ, ಬಸವಣ್ಣನ ಗುಡಿಯ ಗೊಂಬೆಯ ಹಾಗೆ ಕಾಣುತ್ತಿದ್ದ. ಅವ್ವನ ಖುಷಿ ಹೇಳತೀರದು. “ನಮ್ಮ ತೋಟದ ಪಲ್ಯ ಮೈಗೆ ಹತ್ತೈತಿ ನೋಡ್ರಿ,” ಎಂದು ಅಪ್ಪನಿಗೆ ತೋರಿಸಿದಳು. ಯಾರ ಕಣ್ಣೂ ತಾಗಬಾರದೆಂದು ಪ್ರತಿ ಅಮಾವಾಸ್ಯೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅವನಿಗೆ ಹೊಸ ಅಂಗಿ ತೊಡಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ಅಜ್ಜಿಗೆ ಕಳಿಸಿದಳು. ಇವತ್ತು ನಮ್ಮ ಹತ್ತಿರ ಇರುವ ಅವನ ಫೋಟೋ ಅದೊಂದೇ. ನೋಡಿದವರೆಲ್ಲ ಹುಡುಗ ಎಷ್ಟು ದುಂಡಗಿದ್ದನಲ್ಲ ಎನ್ನುತ್ತಾರೆ.

ರಜೆಯಲ್ಲಿ ನಾವಿಬ್ಬರೂ ಒಂದು ಹೊಸ ಆಟ ಕಂಡುಹಿಡಿದಿದ್ದೆವು. ಶಿವುವಿನ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಅಲ್ಲೊಂದು ಗುಳಿ ಬೀಳುತ್ತಿತ್ತು. ನನ್ನ ಕಾಲಿಗೆ ಒತ್ತಿದರೆ ಬೀಳುತ್ತಿರಲಿಲ್ಲ, ಅದು ಅವನ ಹೆಚ್ಚುಗಾರಿಕೆ. ಸಾಲಾಗಿ ಗುಳಿ ಒತ್ತಿ, ಒಂದೊಂದರಲ್ಲೂ ಒಂದೊಂದು ಮೆಂತ್ಯದ ಕಾಳು ಇಟ್ಟು, “ಬಿತ್ತನಿ ಆತು, ಮಳಿ ಬರ್ಲಿ,” ಎಂದು ಅವನು ಉಗುಳು ಸಿಡಿಸುತ್ತಿದ್ದ. ಗುಳಿ ನಿಧಾನವಾಗಿ ತುಂಬಿ ಕಾಳು ಮೇಲೆ ಬಂದು ಉರುಳುತ್ತಿತ್ತು. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಒಂದು ಮಧ್ಯಾಹ್ನ ಓನರಮ್ಮ ಸೊಪ್ಪಿಗೆ ಬಂದವರು ಅದನ್ನು ನೋಡಿದರು. ಕೂತು, ತಾವೂ ಒಂದು ಸಲ ಒತ್ತಿದರು. ಆಮೇಲೆ ಅವನ ಪಾದ ಒತ್ತಿದರು.

“ಮಾದೇವಿ, ಬಾರವ್ವ ಇಲ್ಲಿ. ಇದು ಮೈಯಲ್ಲ ಕಣವ್ವ, ನೀರು. ನಮ್ಮ ಯಜಮಾನ್ರಿಗೂ ಓಗೋಕ್ ಮುಂಚೆ ಇಂಗೇ ಆಗಿತ್ತು.”

ಅವ್ವ ನಕ್ಕಳು. ಬಾಳ ದಿನದ ಮೇಲೆ ಮಗ ಚಲೋ ಆಗಿದ್ದನ್ನು ನೋಡಿ ಇವರಿಗೂ ಹೊಟ್ಟೆಕಿಚ್ಚೇ ಎಂದುಕೊಂಡಳೋ ಏನೋ. ಓನರಮ್ಮ ಬಿಡಲಿಲ್ಲ, ಆಗಿಂದಾಗಲೇ ಆಟೋ ಕರೆಸಿದರು.

ದೊಡ್ಡಾಸ್ಪತ್ರೆಯಲ್ಲಿ ಇನ್ನೂ ಹುಡುಗಿಯಂಥ ಡಾಕ್ಟರು. ಮೂತ್ರ, ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿಯಲ್ಲಿ ತೊಂದರೆ ಇದೆ ಎಂದರು. ಊಟ ಏನು ಎಂದು ಕೇಳಿದಾಗ ಅವ್ವ, ಅಷ್ಟು ಹೆದರಿಕೆಯಲ್ಲೂ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: “ಮನಿ ಹಿಂದ ನಮ್ಮದ ತೋಟ ಐತ್ರಿ ಮೇಡಂ. ತಾಜಾ ಪಲ್ಯ ಹಸೇದ ತಿನ್ನಸ್ತೀನ್ರಿ.”

“ಮನೆ ಎಲ್ಲಿ? ಗಿಡಕ್ಕೆ ನೀರು ಯಾವುದಮ್ಮ?”

ಅವ್ವ ಹೇಳಿದಳು. ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡು, “ಆ ಸೊಪ್ಪು ಇನ್ನು ಕೊಡ್ಬೇಡಿ. ಅದರಿಂದಲೇ ಅಂತ ನಾನು ಹೇಳೋಕಾಗಲ್ಲ. ಮಕ್ಕಳಿಗೆ ಈ ಕಾಯಿಲೆ ಏನೂ ಕಾರಣ ಇಲ್ಲದೇನೂ ಬರುತ್ತೆ,” ಎಂದರು. ಅವ್ವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಅವನನ್ನು ವಾರ್ಡಿಗೆ ಸೇರಿಸಿ, ಅಪ್ಪನನ್ನು ಕೂರಿಸಿ ಮನೆಗೆ ಬಂದವಳು ನೇರ ಹಿತ್ತಲಿಗೆ ಹೋದಳು. ಟೊಮೆಟೊ ಗಿಡಗಳು ಕೆಂಪಗೆ ತೂಗುತ್ತಿದ್ದವು. ಒಂದೊಂದನ್ನೇ ಬೇರುಸಹಿತ ಕಿತ್ತಳು. ಸಾಲುಮನೆಯ ಹೆಂಗಸರು, “ಯಾಕಕ್ಕ ಹಾಳ್ ಮಾಡ್ತೀರ, ನಮಗಾದ್ರೂ ಕೊಡಿ,” ಎಂದು ಪಾತ್ರೆ ಹಿಡಿದು ಬಂದರು. “ಯಾರೂ ಮುಟ್ಟಬ್ಯಾಡ್ರಿ!” ಎಂದು ಚೀರಿದಳು. ದನ ತಿಂದಾವೆಂದು ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದಳು. ಓನರಮ್ಮ ಅವಳ ಕೈ ಹಿಡಿದುಕೊಂಡು, “ನಾವೆಲ್ಲ ತಿಂದಿಲ್ವೇನವ್ವ? ನಿನ್ನ ಮಗಳು ತಿಂದಿಲ್ವಾ? ನಮಗೇನಾಗೈತೆ?” ಎಂದು ಸಮಾಧಾನ ಹೇಳಿದರು.

“ಅದನ್ನ ನಾನೂ ಕೇಳಾಕತ್ತೀನ್ರಿ,” ಎಂದಳು ಅವ್ವ. “ನಿಮಗ್ಯಾರಿಗೂ ಏನೂ ಆಗಲಿಲ್ಲ. ನಿಮಗ್ಯಾರಿಗೂ ನಾ ತುತ್ತು ಮಾಡಿ ತಿನ್ನಸಲಿಲ್ಲ.”

ಮಾತ್ರೆಗಳಿಂದ ಬಾವು ಇಳಿಯಿತು. ಮುಂಗಾರು ಶುರುವಾಗುವ ಹೊತ್ತಿಗೆ ಶಿವು ಮನೆಗೆ ಬಂದ, ಮತ್ತೆ ಎಲುಬಿನ ಹಂದರವಾಗಿ. ಮಗ ದಪ್ಪಗಾಗಲಿ ಎಂದು ಹರಕೆ ಹೊತ್ತವಳು ಈಗ ದಿನಾ ಬೆಳಿಗ್ಗೆ ಅವನ ಕಾಲು ಒತ್ತಿ ನೋಡಿ, ಗುಳಿ ಬೀಳದಿದ್ದರೆ ಕೈಮುಗಿಯುತ್ತಿದ್ದಳು. ಸ್ವಲ್ಪ ದಿನ ಬೀಳಲಿಲ್ಲ. ಆಮೇಲೆ ಬಿತ್ತು. ಎರಡನೇ ಸಲ ಬಾವು ಬಂದಾಗ ಜ್ವರವೂ ಬಂತು. ಶ್ರಾವಣದಲ್ಲಿ, ಅದೇ ಆಸ್ಪತ್ರೆಯಲ್ಲಿ, ಅವನು ಹೋದ. ಅಪ್ಪ ಪ್ಲಾಸ್ಟಿಕ್ ಮನೆಯ ಪೈಪುಗಳನ್ನು ತಾನೇ ಕೊಯ್ದು ಗುಜರಿಗೆ ಹಾಕಿದ.

ಈಗ ಆ ಜಾಗದಲ್ಲಿ ಯಾರದೋ ಗೋಡೌನ್ ಇದೆ. ಓನರಮ್ಮ ಇಲ್ಲ. ನಾನು ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಇಲ್ಲಿ ತಾರಸಿಯ ಮೇಲೆ ಹಸಿರು ಬಲೆ ಕಟ್ಟಿ ಪಾಲಕ್ ಬೆಳೆದವರು, ಪ್ರೀತಿಯಿಂದ ಬಾಗಿಲು ತಟ್ಟಿ ಕೊಟ್ಟು ಹೋಗುತ್ತಾರೆ. ನಾನು ನಗುತ್ತ ತೆಗೆದುಕೊಳ್ಳುತ್ತೇನೆ. ಬಾಗಿಲು ಹಾಕಿದ ಮೇಲೆ ಅದನ್ನು ಏನು ಮಾಡುತ್ತೇನೆಂದು ಅವರಿಗೆ ಹೇಳುವ ಧೈರ್ಯವಿಲ್ಲ. ಹೋದ ವರ್ಷ ಪರಿಚಯದ ಕಿಡ್ನಿ ಡಾಕ್ಟರೊಬ್ಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಕೇಳಿದೆ. ಒಂದು ಬೇಸಿಗೆಯ ಸೊಪ್ಪಿನಿಂದ ಹಾಗಾಗುವುದು ಅನುಮಾನವೇ, ಆದರೆ ಖಚಿತವಾಗಿ ಹೇಳಲಾಗದು ಎಂದರು. ಅದನ್ನು ಹೊತ್ತುಕೊಂಡು, ಅವ್ವ ಈಗಲೂ ಇರುವ ಪೀಣ್ಯಕ್ಕೆ ಓಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

“ಹೇಳಾಕ ಬರೂದಿಲ್ಲ ಅಂದ್ರ, ಅಲ್ಲ ಅಂದಂಗ ಆತೇನವ್ವಾ?” ಎಂದಳು.

ಶಿವು ಹೋದದ್ದು ಊರಿಗೆಲ್ಲ ಗೊತ್ತು. ಅವ್ವನ ಕೈತುತ್ತು ಹೋದದ್ದು ನಮಗೆ ಮಾತ್ರ ಗೊತ್ತು. ಅವಳು ಅಡುಗೆ ಮಾಡುತ್ತಾಳೆ, ಬಡಿಸುವುದಿಲ್ಲ. ಪಾತ್ರೆಗಳನ್ನು ನಡುವೆ ಇಟ್ಟು, ಹಾಕಿಕೊಳ್ಳಿರಿ ಎಂದು ಆಚೆ ಸರಿಯುತ್ತಾಳೆ. ಬಂದವರು ಇದೇನು, ನಿಮ್ಮ ಕಡೆಯವರು ಬಲವಂತ ಮಾಡಿ ಬಡಿಸುವವರಲ್ಲವೇ ಎಂದು ತಮಾಷೆ ಮಾಡಿದರೆ ನಾನು ಮಾತು ತೇಲಿಸುತ್ತೇನೆ. ಡಾಕ್ಟರ ಮಾತು ಹೊತ್ತು ಹೋದ ಆ ದಿನ ನನ್ನ ಮಗಳು ಜೊತೆಯಲ್ಲಿದ್ದಳು. ನನ್ನ ಕೈಯಿಂದ ಉಂಡು ಬೇಸರವಾಗಿತ್ತೋ ಏನೋ, ಅವ್ವನ ಮುಂದೆ ಹೋಗಿ ಕೂತು, “ಅಜ್ಜಿ, ನೀನು ತಿನ್ಸು,” ಎಂದು ಬಾಯಿ ತೆರೆದಳು. ಅವ್ವ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು. ಮಗಳು ಬಾಯಿ ಮುಚ್ಚಲಿಲ್ಲ. ಅವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೊರಗೆ ಹೋದಳು.