ಬೀದಿ ಕಡೆಯ ಪ್ಯಾನಲ್ಲು

ಮಹಾಲಿಂಗಮ್ಮ ಸಿಟ್ಟು ಬಂದರೆ ಕೂಗುವ ಹೆಂಗಸಲ್ಲ. ಕೈಯಲ್ಲಿದ್ದ ಕೆಲಸವನ್ನೇ ಎರಡರಷ್ಟು ಜೋರಾಗಿ ಮಾಡುತ್ತಿದ್ದಳು. ಎರಡು ಸಾವಿರದ ಎಂಟರಲ್ಲಿ ದೊಡ್ಡಗಾಜನೂರಿನ ಅವಳ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡದ ದಿನವೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಗಂಡ ದೊಡ್ಡಬೀರಯ್ಯ ಮನೆಯ ಹೆಂಚು ಬದಲಿಸಲು ಹೊರಟ. ನಾಡಹೆಂಚನ್ನೆಲ್ಲ ಕೋತಿಗಳು ಪುಡಿ ಮಾಡಿದ್ದವು. ಸಂಜೆಯಾದರೆ ಕರೆಂಟೂ ಇರುತ್ತಿರಲಿಲ್ಲ. ಹೊಸ ಹೆಂಚಿನ ಜೊತೆಗೇ ಸೋಲಾರ್ ಹಾಕಿಸೋಣ ಎಂದು ಸತ್ಯಮಂಗಲದಿಂದ ಕಂಪನಿಯವನನ್ನು ಕರೆಸಿದ. ಹೆಂಚಿನ ಮೇಲೆ ಸ್ಟ್ಯಾಂಡ್ ಕಟ್ಟಿದರೆ ಕೋತಿ ವೈರು ಕೀಳುತ್ತದೆ, ಅಷ್ಟು ಜಾಗದ ಹೆಂಚು ಬಿಟ್ಟು ಪ್ಯಾನಲ್ಲನ್ನೇ ಸೂರಿನೊಳಗೆ ಕೂರಿಸಬಹುದು ಎಂದ ಅವನು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಜಗಳ ಹತ್ತಿದ್ದು ಯಾವ ಕಡೆಯ ಸೂರಿಗೆ ಎಂಬಲ್ಲಿ.

"ಮುಂದುಗಡ ಇಕ್ಕು. ಬಸ್ಸಲ್ಲಿ ಓಗೋರ್ಗೆಲ್ಲ ಕಾಣ್ಲಿ" ಎಂದ ದೊಡ್ಡಬೀರಯ್ಯ.

ಮನೆಯ ಮುಖ ಬಡಗಲಿಗೆ. ಮಹಾಲಿಂಗಮ್ಮ ಇಪ್ಪತ್ತು ವರ್ಷದಿಂದ ಆ ಮನೆಯ ಎರಡೂ ಕಡೆಯ ಸೂರಿನ ಮೇಲೆ ಮೆಣಸಿನಕಾಯಿ ಒಣಗಿಸಿದವಳು. ಮಾಗಿ ಕಾಲದಲ್ಲಿ ಮುಂದಿನ ಸೂರಿನ ಕಾಯಿ ನಾಲ್ಕು ದಿನವಾದರೂ ಮೆತ್ತಗಿರುತ್ತಿತ್ತು; ಹಿತ್ತಲ ಕಡೆಯದು ಎರಡೇ ದಿನಕ್ಕೆ ಗಲಗಲ ಅನ್ನುತ್ತಿತ್ತು.

"ತೆಂಕ್ಲ ಕಡ ಇಕ್ಕಿ. ಚಳಿಗಾಲ್ದಲ್ಲಿ ಇಲ್ಲಿ ಬಿಸ್ಲು ಸರಿಯಾಗಿ ಬೀಳಲ್ಲ" ಎಂದಳು.

ಕಂಪನಿಯವನು ನಕ್ಕ. "ಎಂಗೆ ಪೋಟ್ಟಾಲೂ ಎರಿಯುಮ್ಮಾ" ಎಂದ ತಮಿಳಿನಲ್ಲಿ. ಎಲ್ಲಿ ಹಾಕಿದರೂ ಉರಿಯುತ್ತದಂತೆ! ಮಾರಿದವನಿಗೆ ಗೊತ್ತಿರಬೇಕಾದ್ದು ಅವನಿಗೇ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ.

"ಸುಮ್ನಿರಮ್ಮಿ, ನಿಂಗೇನ್ ಗೊತ್ತು" ಎಂದು ಗಂಡ ಮುಗಿಸಿಬಿಟ್ಟ.

ಬೇಸಿಗೆಯಲ್ಲಿ ದೀಪ ಚೆನ್ನಾಗಿಯೇ ಉರಿಯಿತು. ದೊಡ್ಡಬೀರಯ್ಯ ಬಂದವರಿಗೆಲ್ಲ ತೋರಿಸಿದ. ಕಾರ್ತಿಕ ಕಳೆಯಿತು, ಸೂರ್ಯ ತೆಂಕಲಿಗೆ ಜಾರಿದ, ದೀಪ ಹೊತ್ತಿಸಿದ ಒಂದೇ ಗಂಟೆಯಲ್ಲಿ ಮಂಕಾಗತೊಡಗಿತು. ಆಗ ಅವನು ಪ್ಯಾನಲ್ಲನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ಅಡ್ಗಮನ ದೀಪ ಸುಮ್‌ಸುಮ್ನ ಉರ್ಸಿ ಉರ್ಸಿ ಬ್ಯಾಟ್ರಿ ಕೆಡಸ್ಬುಟ್ಟ ನೀನು" ಎಂದು ಅಲ್ಲಿನ ಬಲ್ಬನ್ನು ಬಿಚ್ಚಿ, ನಡುಮನೆಗೆ ಎರಡನೆಯದಾಗಿ ಹಾಕಿಕೊಂಡ.

ಅವಳು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಮುದ್ದೆ ತೊಳಸಿದಳು. ಮೂರನೇ ಸಂಜೆ ಕುದಿಯುವ ಹಿಟ್ಟು ಹಾರಿ ಮುಂಗೈ ಬೆಂದಿತು. "ನೋಡ್ಕಂಡ್ ಮಾಡಕಾಗಲ್ವ?" ಎಂದು ನಡುಮನೆಯ ಬೆಳಕಿನಿಂದ ಗಂಡ ಕೇಳಿದ. ಅವಳು ಮುದ್ದೆಕೋಲನ್ನು ಪಾತ್ರೆಗೆ ಬಡಿಬಡಿದು ತಿರುವಿದಳು. ಆ ಸದ್ದಿನಲ್ಲಿ ಎಷ್ಟು ಉರಿ ಇತ್ತೆಂದು ಅವನಿಗೆ ತಿಳಿಯಲೂ ಇಲ್ಲ.

ಮುಂದಿನ ವಾರ ಅವನು ಕೋಸು ಹಾಕಿಕೊಂಡು ತಾಳವಾಡಿ ಸಂತೆಗೆ ಹೋದ ಕೂಡಲೇ ಹೆಂಚು ಹೊದಿಸಿದ್ದ ರಾಚನನ್ನು ಕರೆಸಿದಳು.

"ಯಜಮಾನ್ರು ಬೋದ್ರೆ ಅಕ್ಕ?"

"ಬೋದ್ರ ನಂಗ ಬೋಯ್ಲಿ. ನೀ ಅತ್ಲಾ."

ರಾಚ ಹತ್ತಿದ. ಹಿತ್ತಲ ಸೂರಿನಲ್ಲಿ ಹೆಂಚಿನಡಿಯ ರೀಪರು ಪಟ್ಟಿ ಕೊಯ್ದು ಕಿಂಡಿ ಮಾಡಿದ, ಪ್ಯಾನಲ್ಲು ತಂದು ಕೂರಿಸಿದ, ನೀರಿಳಿಯದಂತೆ ಸುತ್ತಲೂ ತಗಡು ಬಡಿದ. ಬೆಂದ ಕೈಯಲ್ಲೇ ಮಹಾಲಿಂಗಮ್ಮ ಏಣಿಯ ಮೇಲೆ ನಿಂತು ಹೆಂಚು ಕೊಟ್ಟಳು. ಬೀದಿ ಕಡೆಯ ಕಿಂಡಿಗೆ ಹೆಂಚು ಮುಚ್ಚುವ ಹೊತ್ತಿಗೆ ದೊಡ್ಡಬೀರಯ್ಯ ಬಂದ.

"ಯಾರ್ನ ಕೇಳಿ ಕಿತ್ತೆ?"

"ಇಕ್ಕುವಾಗ ನನ್ನ ಮಾತ ಕೇಳ್ದಾ ನೀನು?" ಅವಳು ಏಣಿಯಿಂದ ಇಳಿಯದೆ ಕೇಳಿದಳು. "ಕೈ ಬೆಂದಾಗ ಕೇಳ್ದಾ?"

ಅವನು ರಾಚನಿಗೆ ಬೈದ, ಕಂಪನಿಗೆ ಬೈದ, ಊಟ ಬೇಡವೆಂದ. ನಾಲ್ಕನೇ ದಿನ ದೀಪ ಊಟ ಮುಗಿಯುವವರೆಗೂ ಬೆಳ್ಳಗೆ ಉರಿಯಿತು. ಮಾರನೆಯ ಬೆಳಿಗ್ಗೆ ಬಲ್ಬು ಅಡುಗೆಮನೆಯಲ್ಲಿತ್ತು.

ತಿಂಗಳ ಮೇಲೆ ಗೆಟ್ಟವಾಡಿಯ ಗುರುಸ್ವಾಮಿ ಸೋಲಾರ್ ನೋಡಲು ಬಂದ. ಅವನ ಮನೆಯ ಸೂರೂ ಬದಲಾಗಬೇಕಿತ್ತು.

"ತೆಂಕ್ಲಗೇ ಇಕ್ಬೇಕು ಕಣ, ನಾ ಆಗ್ಲೇ ಏಳ್ದಿ" ಎಂದ ದೊಡ್ಡಬೀರಯ್ಯ.

ಮಹಾಲಿಂಗಮ್ಮ ಕಾಫಿ ಲೋಟವನ್ನು ನೆಲಕ್ಕೆ ಕುಕ್ಕಿದಳು. "ಏಳ್ದೋಳು ನಾನು. ಸುಮ್ನಿರು ಅಂದೋನು ಇವ್ನು" ಎಂದು ಮುಂಗೈಯ ಕಲೆ ತೋರಿಸಿದಳು.

ಗುರುಸ್ವಾಮಿ ತಲೆ ತಗ್ಗಿಸಿದ. "ನಮ್ಮನಗೂ ನೀವೇ ಬಂದು ನೋಡ್ಬುಡಿ ಅಕ್ಕ" ಎಂದ.

ಮರುದಿನವೇ ಅವಳು ಬಸ್ಸು ಹತ್ತಿದಳು. ಅಡುಗೆಗೆ ಯಾರು ಎಂದು ಗಂಡ ಕೇಳಿದ್ದಕ್ಕೆ, "ಬಲ್ಬು ಅಲ್ಲೇ ಅದಲ್ಲ, ನೋಡ್ಕಂಡ್ ಮಾಡು" ಎಂದಳಂತೆ.