ಬಿದ್ದವನು ಏಳುವಷ್ಟು ಹೊತ್ತು

ಸೋತು ಬಂದವನಿಗೆ ನಮ್ಮ ಮನೆಯಲ್ಲಿ ಊಟವಿರಲಿಲ್ಲ. ಸೋತ ಆಟದ ರೆಕಾರ್ಡಿಂಗನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು, ಎಲ್ಲಿ ಕೆಟ್ಟಿತು ಅಂತ ಬಾಯಿಬಿಟ್ಟು ಹೇಳಬೇಕು, ಆಮೇಲೆ ತಟ್ಟೆ. ಈ ಕಾನೂನು ಮಾಡಿದವನು ನನ್ನ ಅಣ್ಣ. ಕುಂಬಾರಕೊಪ್ಪಲಿನ ನಮ್ಮ ಬೀದಿಯ ಕೊನೆಗೆ ವಿಡಿಯೋ ಗೇಮ್ ಅಂಗಡಿಯೊಂದಿದ್ದ ಕಾಲದಿಂದ ಫೈಟಿಂಗ್ ಗೇಮ್ ಆಡಿದವನು ಅವನು. ನನಗೆ ಕಲಿಸಿದವನೂ ಅವನೇ. ಮುದ್ದೆ ಆರಿ ಕಲ್ಲಾಗುತ್ತದೆ, ನಿಮ್ಮ ಆಟಕ್ಕಿಷ್ಟು ಬೆಂಕಿ ಹಾಕ ಅಂತ ಅಮ್ಮ ಈ ಕಾನೂನಿಗೆ ಶಾಪ ಹಾಕುತ್ತಲೇ ಇದ್ದಳು.

ಆಟ ಗೊತ್ತಿಲ್ಲದವರಿಗೆ ಒಂದೇ ಸಂಗತಿ ಹೇಳಿದರೆ ಸಾಕು. ಟಿವಿಯಲ್ಲಿ ಇಬ್ಬರು ಹೊಡೆದಾಡುತ್ತಾರೆ, ಒಬ್ಬ ಬೀಳುತ್ತಾನೆ. ಬಿದ್ದವನು ಏಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ನಿಂತವನು ಅಷ್ಟರಲ್ಲಿ ಮೇಲೆ ಹೋಗಿ, ಅವನು ಏಳುತ್ತಿದ್ದ ಹಾಗೇ ಮತ್ತೆ ಹೊಡೆಯಬೇಕು. ಏಳುವವನು ಸರಿಯಾದ ಗಳಿಗೆಗೆ ಬಟನ್ ಒತ್ತಿ ತಡೆದುಕೊಂಡರೆ ಉಳಿದ, ತಡವಾದರೆ ಮತ್ತೆ ನೆಲಕ್ಕೆ. ಬಿದ್ದವನಿಗೆ ಏಳಲು ಪುರುಸೊತ್ತು ಕೊಡಬೇಡ ಅನ್ನುವುದೇ ಅಣ್ಣ ಕಲಿಸಿದ ಮೊದಲ ಪಾಠ. ಬೀದಿಯಲ್ಲಿ ನಿಂತು ಹೇಳಿದರೆ ಜನ ಕಪಾಳಕ್ಕೆ ಬಾರಿಸುವಂಥ ಮಾತು, ಆದರೆ ಆಟದಲ್ಲಿ ಅದೇ ಸರಿ.

ಅಣ್ಣ ಮೊಬೈಲ್ ರಿಪೇರಿ ಮಾಡುತ್ತಿದ್ದ. ಸಾಸಿವೆಕಾಳಿನಂಥ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ ಅವನದು. ಕೆಲವು ವರ್ಷಗಳ ಹಿಂದೆ ಆ ಸ್ಕ್ರೂಗಳು ಜಾರತೊಡಗಿದವು. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಆದರೆ ಕೆಲವರಿಗೆ ಅದು ಒಂದು ಹಂತಕ್ಕೆ ಬಂದು ನಿಂತುಬಿಡುವುದೂ ಉಂಟು ಅಂದರು ಡಾಕ್ಟರು. ಉಳಿದದ್ದನ್ನೆಲ್ಲ ಬಿಟ್ಟು ಆ ಕೊನೆಯ ಮಾತನ್ನು ಮಾತ್ರ ಅವನು ಗಟ್ಟಿಯಾಗಿ ಹಿಡಿದುಕೊಂಡ. ಅಂಗಡಿ ಬಿಟ್ಟ. ಅಂಗಿಯ ಗುಂಡಿ ನಾನು ಹಾಕುವಂತಾಯಿತು. ಊಟ ಮಾತ್ರ ಮೈಮೇಲೆ ಚೆಲ್ಲಿಕೊಂಡಾದರೂ ತನ್ನ ಕೈಯಲ್ಲೇ ಆಗಬೇಕು. ಅಮ್ಮ ತುತ್ತು ಹಿಡಿದು ಬಂದರೆ ಮುಖ ತಿರುಗಿಸಿ ರೇಗಿಬಿಡುತ್ತಿದ್ದ.

ಆಟವನ್ನೂ ಅವನು ಬಿಡಲಿಲ್ಲ. ಸಂಜೆ ನಾನು ಮೆಡಿಕಲ್ ಸ್ಟೋರ್ ಕೆಲಸ ಮುಗಿಸಿ ಬಂದರೆ ಟಿವಿ ಮುಂದೆ ಇಬ್ಬರೂ ಕಂಟ್ರೋಲರ್ ಹಿಡಿದು ಕೂರುತ್ತಿದ್ದೆವು. ನಾನೊಂದು ಗೆದ್ದರೆ ಅವನೊಂದು ಗೆಲ್ಲುತ್ತಿದ್ದ. ಡಾಕ್ಟರ ಮುಂದೆ ಅವನು ಇಟ್ಟ ಸಾಕ್ಷಿಯೂ ಅದೊಂದೇ: ತಮ್ಮನನ್ನು ಇವತ್ತಿಗೂ ಸೋಲಿಸುತ್ತೇನೆ, ಹಾಗಾಗಿ ಕೈ ಇದ್ದಲ್ಲೇ ಇದೆ, ಕಾಯಿಲೆ ನಿಂತಿದೆ. ಆ ಧೈರ್ಯದ ಮೇಲೆ ಹಳೇ ಯಜಮಾನರಿಗೆ ಫೋನ್ ಮಾಡಿ, ದಸರಾ ಕಳೆದ ಮೇಲೆ ಬರುತ್ತೇನೆ, ನನ್ನ ಜಾಗ ಹಾಗೇ ಇಟ್ಟಿರಿ ಅಂತಲೂ ಹೇಳಿದ್ದ. ಅವರು ಒಳ್ಳೆಯವರು, ಆಗಲಿ ಅಂದಿದ್ದರು.

ನಾನು ಆಡಬೇಕಿದ್ದ ಪಂದ್ಯ ಇದ್ದದ್ದು ದಸರಾಕ್ಕೆ ಮುಂಚಿನ ಒಂದು ಭಾನುವಾರ, ಜಯಲಕ್ಷ್ಮಿಪುರಂನ ಕಾಫಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಅಮ್ಮ ಇಬ್ಬರ ಹಣೆಗೂ ವಿಭೂತಿ ಹಚ್ಚಿ ಕಳಿಸಿದಳು. ಅಣ್ಣನನ್ನು ಆಟೋದಿಂದ ಇಳಿಸಿ, ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಅವನ ಫೋನನ್ನು ಟೇಬಲ್ ಮೇಲೆ ಟಿವಿ ಕಾಣುವಂತೆ ನೀರಿನ ಬಾಟಲಿಗೆ ಒರಗಿಸಿ ರೆಕಾರ್ಡಿಂಗಿಗೆ ಇಟ್ಟೆ. ಅವನು ಹಿಂದಿನ ಕುರ್ಚಿಯಲ್ಲಿ ಕೂತ. ಮುಂದೆ ನಿಂತವರ ಬೆನ್ನು ಬಿಟ್ಟರೆ ಅಲ್ಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ.

ಎದುರಿಗೆ ಕೂತವಳು ಕನ್ನಡಕ ಹಾಕಿದ ಒಬ್ಬ ಕಾಲೇಜು ಹುಡುಗಿ. ಇವಳೇನು ಮಹಾ ಅಂತ ಕೂತವನು ಮಣ್ಣು ಮುಕ್ಕಿ ಎದ್ದೆ. ನಾನು ಬಿದ್ದಾಗ ಅವಳು ಏಳಲು ಬಿಡಲಿಲ್ಲ, ಅಷ್ಟೇ ಕಥೆ. ಎದ್ದು ಹೊರಡುವಾಗ ಕೈಕುಲುಕಿ, “ನಾನು ಬಿದ್ದಾಗೆಲ್ಲ ನೀವ್ಯಾಕೆ ಹೊಡೀಲೇ ಇಲ್ಲ?” ಅಂತ ಕೇಳಿದಳು. ಗಾಯದ ಮೇಲೆ ಬರೆ ಎಳೆಯುತ್ತಿದ್ದಾಳೆ ಅನ್ನಿಸಿ ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನನ್ನು ಕರೆದುಕೊಂಡು ಇಳಿದೆ.

ಆಟೋದಲ್ಲಿ ಮನೆ ಬರುವವರೆಗೂ ನನ್ನದು ಒಂದೇ ಗೊಣಗಾಟ. ಅಲ್ಲಿಯ ಟಿವಿ ಸರಿಯಿಲ್ಲ, ಕಂಟ್ರೋಲರ್ ಬಿಗಿ, ಗಲಾಟೆ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅಣ್ಣ ನಕ್ಕ. ಅವನು ಖುಷಿಯಾಗಿಯೇ ಇದ್ದ. ಮನೆಗೆ ಬಂದವನೇ ಮಂಚದ ಮೇಲೆ ಕೂತು, ಫೋನ್ ತೊಡೆಯ ಮೇಲಿಟ್ಟುಕೊಂಡು, ಬಾ ಇಲ್ಲಿ, ನಿನ್ನ ಪೌರುಷ ನೋಡೋಣ ಅಂದ. ಒಳಗೆ ಅಮ್ಮ ಮುದ್ದೆ ಕಟ್ಟಿ ಇಟ್ಟಿದ್ದಳು.

ರೆಕಾರ್ಡಿಂಗಿನಲ್ಲಿ ಹುಡುಗಿಯ ಆಟಗಾರ ಮೊದಲ ಸಲ ಬಿದ್ದ. ನನ್ನವನು ಹತ್ತಿರ ಹೋಗಿ ಸುಮ್ಮನೆ ನಿಂತ. ಅವಳವನು ಎದ್ದ, ಹೊಡೆದ. ಅಣ್ಣ ಹೆಬ್ಬೆರಳು ಬಾಗದೆ, ಅಂಗೈಯ ಅಂಚಿನಿಂದ ಫೋನ್ ತೀಡಿ ಮತ್ತೆ ಹಿಂದಕ್ಕೆ ಓಡಿಸಿದ. ಆಮೇಲೆ ಮುಂದಕ್ಕೆ ಬಿಟ್ಟ. ಅವಳವನು ಮತ್ತೆ ಬಿದ್ದಾಗಲೂ ಅದೇ: ನಾನು ಹೋಗುತ್ತೇನೆ, ನಿಲ್ಲುತ್ತೇನೆ, ಕಾಯುತ್ತೇನೆ. ದೇವರಾಣೆ, ನಾನು ಹಾಗೆ ನಿಲ್ಲುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಬೇಕೆಂದು ಅಣ್ಣನಿಗೆ ಒಂದು ಆಟವನ್ನೂ ಬಿಟ್ಟುಕೊಟ್ಟವನಲ್ಲ ನಾನು. ದಿನಾ ಸಂಜೆ ಅವನ ಜೊತೆ ಆಡಿ ಆಡಿ ಅವನು ಏಳುವವರೆಗೆ ಕಾಯುವುದನ್ನು ಕೈ ತಾನಾಗಿಯೇ ಕಲಿತುಬಿಟ್ಟಿತ್ತು.

ಅಣ್ಣನ ನಗು ಹೋಗಿತ್ತು. ಕೊನೆಯವರೆಗೂ ನೋಡಿದ. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದ:

“ಇಷ್ಟೊತ್ತು ಬೇಕಾಗೋದು ನನ್ನ ಹೆಬ್ಬೆರಳಿಗೆ ಕಣೋ.”

ಏನೇನೋ ತೊದಲಿದೆ, ಅಭ್ಯಾಸ ತಪ್ಪಿದೆ ಅಂದೆ, ನಿದ್ದೆ ಇಲ್ಲ ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಟಿವಿ ಹಾಕು, ನನ್ನ ಜೊತೆ ಆಡು, ಕಾಯಬೇಡ ಅಂದ. ಊಟ ಮಾಡಿ ಆಡಿಕೊಳ್ಳಿ ಅಂತ ಅಮ್ಮ ಒಳಗಿಂದ ಕೂಗಿದಳು. ಅವನು ಆಗಲೇ ಕಂಟ್ರೋಲರನ್ನು ಮಡಿಲಿಗೆ ಎಳೆದುಕೊಂಡಿದ್ದ.

ಅವನು ಮೊದಲ ಸಲ ಬಿದ್ದಾಗ ನನ್ನ ಕೈ ನಿಂತೇಬಿಟ್ಟಿತು. “ಬುಡ್ತಾ ಇದ್ದೀಯ,” ಅಂದ. “ಬುಡಬೇಡ.” ಆ ದನಿ ಕೇಳಿ ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಯಾರ ಮೇಲೆ ಅಂತ ಇವತ್ತಿಗೂ ಹೇಳಲಾರೆ. ಹೊಡೆದೆ. ಬಿದ್ದ, ಏಳಹೋದ, ಮತ್ತೆ ಹೊಡೆದೆ. ಪಕ್ಕದಲ್ಲಿ ಅವನ ಹೆಬ್ಬೆರಳು ಬಟನ್ ಮೇಲೆ ಒದ್ದಾಡುವುದು ಓರೆಗಣ್ಣಿಗೆ ಕಾಣುತ್ತಿತ್ತು. ಇನ್ನೊಂದು ಆಟ ಹಾಕು ಅಂದ, ಹಾಕಿದೆ. ಮತ್ತೊಂದು ಅಂದ. ಒಂದು ಸಲ ಬಿದ್ದ ಮೇಲೆ ಅವನು ಒಂದರಲ್ಲೂ ಏಳಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಸೌಟು ಹಿಡಿದು ನಿಂತಿದ್ದಳು. ಆಟ ತಿಳಿಯದ ಅವಳಿಗೂ ನಡೆಯುತ್ತಿರುವುದು ಏನು ಅಂತ ತಿಳಿದಿತ್ತು.

ಆವತ್ತು ಕಲಿತ ಪಾಠ ನನ್ನ ಕೈಯಲ್ಲಿ ಉಳಿಯಿತು. ಆಮೇಲಿನ ಪಂದ್ಯಗಳಲ್ಲಿ ಗೆದ್ದಿದ್ದೇನೆ, ಯಾರು ಬಿದ್ದರೂ ಕಾದಿಲ್ಲ. ಆ ಗೆಲುವಿನಿಂದ ನನಗೆ ಒಂದು ಚೂರೂ ಸಂತೋಷವಿಲ್ಲ.

ಆವತ್ತು ಕೊನೆಯ ಆಟ ಮುಗಿದ ಮೇಲೆ ಅಣ್ಣ ಕಂಟ್ರೋಲರನ್ನು ಮಂಚದ ಮೇಲೆ ಸರಿಸಿ, ಯಜಮಾನರಿಗೆ ಫೋನ್ ಹಚ್ಚಿಕೊಡು ಅಂದ. ಹಚ್ಚಿ ಅವನ ಕಿವಿಗೆ ಹಿಡಿದೆ. ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಿ ಸಾರ್, ನನ್ನಿಂದ ಆಗುವುದಿಲ್ಲ ಅಂತ ನಿಧಾನವಾಗಿ, ಒಂದೂ ಮಾತು ತಡವರಿಸದೆ ಹೇಳಿದ. ಆ ಕಡೆಯವರು ಏನೋ ಸಮಾಧಾನ ಹೇಳುತ್ತಿದ್ದರು. ಅವನು ಹೂಂಗುಟ್ಟಿದ.

ಅಮ್ಮ ಕಣ್ಣೊರೆಸಿಕೊಂಡು ಏಳ್ರಪ್ಪಾ ಊಟಕ್ಕೆ ಅಂದಳು. ನಾನು ಎದ್ದೆ. ಅಣ್ಣ ಏಳಲಿಲ್ಲ.

“ಇರಮ್ಮ, ನಾನೂ ಸೋತಿದ್ದೀನಲ್ಲ, ಎಲ್ಲಿ ಕೆಡ್ತು ಅಂತ ಹೇಳ್ಬೇಕು,” ಅಂದ. ತನ್ನ ಅಂಗೈ ನೋಡಿಕೊಂಡ. “ಕೈ ಕಣಮ್ಮ. ನಿಂತಿಲ್ಲ ಅದು, ಹೋಗ್ತಾನೇ ಐತೆ.”

ಅಮ್ಮ ತಟ್ಟೆ ತಂದು ಅವನ ಪಕ್ಕ ಕೂತಳು. ಆರಿದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆದ.