ಚಿತ್ರದಲ್ಲಿ ಹೆಚ್ಚಾದ ಒಂದು ಕುರಿ

ನನ್ನ ಅಕ್ಷರ ಸೊಟ್ಟ, ಕ್ಷಮಿಸಬೇಕು. ಏಳನೇ ತರಗತಿಗೇ ಶಾಲೆ ಬಿಟ್ಟವಳು. ಒಳ್ಳೊಳ್ಳೆಯ ಮಾತುಗಳೂ ಬರುವುದಿಲ್ಲ. ಎರಡು ಸಲ ಬರೆದು ಹರಿದು ಹಾಕಿದ್ದೇನೆ, ಇದು ಮೂರನೆಯದು. ಆದರೂ ನಮ್ಮ ಬಾಗೂರಿನ ಕಾಳಕ್ಕನ ವಿಷಯವನ್ನು ಯಾರಾದರೂ ಬರೆದಿಡಬೇಕು.

ಕಾಳಕ್ಕ ಕುರಿಗಳನ್ನು ಎಣಿಸುವವಳಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವಳ ಅತ್ತೆಯೂ ಎಣಿಸುತ್ತಿರಲಿಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಒಂದೊಂದು ಕುರಿಯ ಮುಖ ನೋಡುವಳು, ಅಷ್ಟೇ. ಗಂಡ ತೀರಿಹೋದ ಮೇಲೆ ಆರು ವರ್ಷ ಹಿಂಡನ್ನು ಹೀಗೆಯೇ ಕಾಯ್ದಿದ್ದಳು. ಮೈದುನ ಕರಿಸಿದ್ದಪ್ಪನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ.

“ಲೆಕ್ಕ ಬರದೋರ ಕೈಯಾಗೆ ಹಿಂಡು ಯಾಕೆ? ಒಂದು ಕಳೀಲಿ, ಅವತ್ತೇ ನಾನು ಹೊಡ್ಕೊಂಡು ಹೋಗ್ತೀನಿ” ಎನ್ನುತ್ತಿದ್ದ.

೧೯೭೬ರ ಚಳಿಗಾಲದಲ್ಲಿ ಐದಾರು ಜನ ಚಿತ್ರಕಾರರು ಒಂದು ವ್ಯಾನಿನಲ್ಲಿ ಊರೂರನ್ನೂ ಬರೆಯುತ್ತ ಬಂದರು. ಹಿರಿಯೂರಿನಲ್ಲಿ ತೆಂಗಿನಕಾಯಿ ಲಾರಿಗಳನ್ನು, ಹೊಸದುರ್ಗದಲ್ಲಿ ಸಂತೆಯನ್ನು ಬರೆದು, ಹೊಳಲ್ಕೆರೆಗೆ ಹೋಗುವ ಮೊದಲು ಒಂದು ದಿನ ಬಾಗೂರಿನಲ್ಲಿ ಇಳಿದರು. ಅವರಲ್ಲಿ ದಾಕ್ಷಾಯಣಮ್ಮ ಎಂಬುವವರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೆರೆಯಂಗಳದಲ್ಲಿ ಕುಳಿತು ಕಾಳಕ್ಕನ ಹಿಂಡನ್ನು ಬರೆದರು. ಮಧ್ಯಾಹ್ನ ಕಿವಿ ಹರಿದ ಒಂದು ಕುರಿಯ ಕಾಲಿಗೆ ಜಾಲಿಮುಳ್ಳು ಹೊಕ್ಕಿತು. ಕಾಳಕ್ಕ ಮುಳ್ಳು ಕಿತ್ತಾಗ, ದಾಕ್ಷಾಯಣಮ್ಮ ತಾವು ಕುಂಚ ಒರೆಸುತ್ತಿದ್ದ ನೀಲಿ ಬಟ್ಟೆಯನ್ನೇ ಹರಿದು ಗಾಯಕ್ಕೆ ಕಟ್ಟಲು ಕೊಟ್ಟರು.

ಹದಿನೈದು ದಿನದ ಮೇಲೆ ಎಲ್ಲ ಚಿತ್ರಗಳನ್ನೂ ಚಿತ್ರದುರ್ಗದ ಒಂದು ಛತ್ರದಲ್ಲಿ ತೂಗುಹಾಕಿದರು. ಅದನ್ನು ನೋಡಿಬಂದ ಕರಿಸಿದ್ದಪ್ಪ ಮನೆಗೂ ಹೋಗದೆ ನೇರ ರೊಪ್ಪಕ್ಕೆ ನುಗ್ಗಿ ಬೆರಳು ಮಡಚತೊಡಗಿದ.

“ಚಿತ್ರದಾಗೆ ನಲವತ್ತೊಂದು ಅವೆ, ಇಲ್ಲಿ ನಲವತ್ತೇ ಅವೆ. ಇನ್ನೊಂದು ಎಲ್ಲಿ ಹೋತು ಅತ್ತಿಗೆ?”

“ಎಲ್ಲೂ ಹೋಗಿಲ್ಲ. ದಿನಾ ಎಲ್ಲದರ ಮುಖ ನೋಡೀನಿ.”

“ಮುಖ ನೋಡ್ತಾಳಂತೆ, ಹೆಣ್ಣು ನೋಡಾಕೆ ಬಂದೋರಂಗೆ! ನಾಳೆಯಿಂದ ಹಿಂಡು ನಂದು.”

ಕಾಳಕ್ಕ ರೊಪ್ಪದ ಬಾಗಿಲು ಹಾಕಿದಳು. ಆಮೇಲೆ ಅಂದಳು: “ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ದುರ್ಗಕ್ಕೆ ಹೋಗಾಣ ನಡಿ. ಆ ಚಿತ್ರ ನಾನೂ ನೋಡ್ಬೇಕು.”

ಛತ್ರದಲ್ಲಿ ಜನ ತುಂಬಿದ್ದರು, ದಾಕ್ಷಾಯಣಮ್ಮನವರೂ ಇದ್ದರು. ಕಾಳಕ್ಕ ಚಿತ್ರದ ಮುಂದೆ ನಿಂತು, ಕಾಗದಕ್ಕೆ ಬೆರಳು ತಾಗದಂತೆ ಒಂದೊಂದನ್ನೇ ತೋರಿಸುತ್ತ ಹೋದಳು. “ಇದು ಬೋಳಿ. ಇದು ಕರೆಮೂತಿ. ಇದು ಕರೆಮೂತಿ ಮಗಳು...” ಚಿತ್ರದಲ್ಲಿದ್ದ ಹುಣಸೆಮರದ ಹತ್ತಿರ ಬಂದಾಗ ಬೆರಳು ನಿಂತಿತು. ಅವಳು ಜೋರಾಗಿ ನಕ್ಕಳು.

“ಅಲ್ರಿ ಅಮ್ಮಾರೆ, ನಮ್ಮ ಹರುಕಿವಿ ಅಲ್ಲಿ ನೀರು ಕುಡೀತಾ ಐತೆ, ಇಲ್ಲಿ ಮರದ ಕೆಳಗೂ ಐತೆ! ಒಂದೇ ಕುರೀನ ಎರಡು ಕಡೆ ಬರ್ದೀರಲ್ರಿ!”

“ಕಿವಿ ಹರಿದಿದ್ದು ಎಷ್ಟೋ ಇರ್ತಾವೆ” ಎಂದ ಕರಿಸಿದ್ದಪ್ಪ.

“ನಮ್ಮ ಹಿಂಡಿನಾಗೆ ಇದೊಂದೇ. ಕಾಲು ನೋಡಪ್ಪ, ಕಾಲು!”

ನೀರಿನ ಬಳಿಯ ಕುರಿಯ ಕಾಲು ಬರಿದಾಗಿತ್ತು. ಮರದ ಕೆಳಗಿನದರ ಕಾಲಿಗೆ ನೀಲಿ ಪಟ್ಟಿ ಇತ್ತು.

ದಾಕ್ಷಾಯಣಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ, ನಾನೇ ಹರಿದು ಕೊಟ್ಟ ಬಟ್ಟೆ! ಕೆರೆ ಬರೆದದ್ದು ಬೆಳಿಗ್ಗೆ, ಮರ ಬರೆದದ್ದು ಸಂಜೆ. ಅಷ್ಟರಲ್ಲಿ ಅದು ಪಟ್ಟಿ ಕಟ್ಟಿಸಿಕೊಂಡು ಮರದ ಕೆಳಗೆ ಬಂದಿದೆ.”

“ಏನಪ್ಪ, ಕಾಗದದ ಕುರೀನೂ ಹೊಡ್ಕೊಂಡು ಹೋಗ್ತೀಯೇನು?” ಎಂದರು ಹಿಂದಿನಿಂದ ಯಾರೋ. ಛತ್ರವೆಲ್ಲ ನಗು.

ಕರಿಸಿದ್ದಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ಹಿಂಡು ನಿನ್ನ ಹತ್ರಾನೇ ಇರ್ಲಿ ಅತ್ತಿಗೆ. ಇನ್ನು ಕೇಳಂಗಿಲ್ಲ.”

ಚಿತ್ರದ ಕೆಳಗೆ ‘ನಲವತ್ತು ಕುರಿಗಳು’ ಎಂದು ಬರೆಯಲು ದಾಕ್ಷಾಯಣಮ್ಮ ಪೆನ್ಸಿಲ್ ಹಿಡಿದರು. ಕಾಳಕ್ಕ ಕೈ ಅಡ್ಡ ಹಿಡಿದಳು: “ಲೆಕ್ಕ ಮಾತ್ರ ಬರೀಬ್ಯಾಡ್ರಿ!” ಕೊನೆಗೆ ಅವರು ಬರೆದದ್ದು ‘ಬಾಗೂರಿನ ಕಾಳಕ್ಕನ ಹಿಂಡು’ ಎಂದು. ಓದು ಬಾರದ ಕಾಳಕ್ಕ ಅದನ್ನು ಕರಿಸಿದ್ದಪ್ಪನಿಂದಲೇ ಮೂರು ಸಲ ಓದಿಸಿದಳು.

ನಾಳೆ ಸಂಜೆ ಹಿಂಡು ರೊಪ್ಪ ಸೇರಿದ ಮೇಲೆ ಇದನ್ನು ಕಾಳಕ್ಕನಿಗೆ ಓದಿ ಹೇಳುತ್ತೇನೆ. ಕುರಿಗಳ ಲೆಕ್ಕ ಬಂದ ಕಡೆ ಬಿಟ್ಟು ಓದುತ್ತೇನೆ.